ಗೇರುಸೊಪ್ಪೆಯ ರಾಣಿ: ಕಂಡವರು, ಕೇಳಿದವರು ಮತ್ತು ಕಾದಂಬರಿಕಾರ

ಐತಿಹಾಸಿಕ ಕಾದಂಬರಿಯನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ಕೃತಿಯಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂಬುದೇ ಆ ಪ್ರಶ್ನೆ. ಶಾಸನದಲ್ಲಿರುವ ಹೆಸರು ಕಾದಂಬರಿಯಲ್ಲಿ ಸರಿಯಾಗಿ ಬಂದಿದೆಯೇ, ಯುದ್ಧದ ವರ್ಷ ತಪ್ಪಿದೆಯೇ, ಆ ಕಾಲಕ್ಕೆ ಇಲ್ಲದ ವಸ್ತುವೇನಾದರೂ ಕಥೆಯೊಳಗೆ ನುಸುಳಿದೆಯೇ ಎಂದು ವಿಮರ್ಶಕರು ಪರಿಶೀಲಿಸುತ್ತಾರೆ. ಈ ಪರಿಶೀಲನೆ ಅಗತ್ಯವಾದುದೇ. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಘಟನೆಯನ್ನು ನೋಡುತ್ತಿರುವವರು ಯಾರು? ಅವರು ಎಲ್ಲಿ ನಿಂತು ನೋಡುತ್ತಿದ್ದಾರೆ? ಅಲ್ಲಿಂದ ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಒಂದೇ ಸಂಗತಿ, ಒಂದೇ ವರ್ಷ, ಒಂದೇ ಹೆಸರು ಇದ್ದರೂ ನೋಟದ ನೆಲೆ ಬದಲಾದಾಗ ಕಾದಂಬರಿಯ ಅರ್ಥವೇ ಬದಲಾಗುತ್ತದೆ.

ಇದನ್ನು ಪರಿಶೀಲಿಸಲು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆಗಿಂತ ತಕ್ಕ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಿಂದ ಮಲೆಮನೆ ಘಟ್ಟವನ್ನಿಳಿದರೆ ಶರಾವತಿಯ ದಡದ ಗೇರುಸೊಪ್ಪೆ ಸಿಗುತ್ತದೆ. ನಗರಬಸ್ತಿಕೇರಿಯ ಚತುರ್ಮುಖ ಬಸದಿಯೂ ಕಾಡಿನ ನಡುವೆ ಹರಡಿರುವ ಅವಶೇಷಗಳೂ ಸಾಳುವ ಅರಸರ ಈ ರಾಜಧಾನಿಯ ವಿಸ್ತಾರವನ್ನು ಇಂದಿಗೂ ಸೂಚಿಸುತ್ತವೆ. ಚೆನ್ನಭೈರಾದೇವಿ ಆಳಿದ್ದು ಸುಮಾರು 1552ರಿಂದ 1606ರವರೆಗೆ. ಅರ್ಧ ಶತಮಾನಕ್ಕೂ ಮಿಕ್ಕ ಈ ಆಳ್ವಿಕೆಯ ಅವಧಿಯಲ್ಲಿಯೇ 1565ರ ರಕ್ಕಸತಂಗಡಿ ಯುದ್ಧ ನಡೆದು ವಿಜಯನಗರದ ಸಾರ್ವಭೌಮತ್ವ ಕುಸಿಯಿತು. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಹಿಡಿದು ಅಲ್ಲಿ ಕೋಟೆಯೊಡನೆ ನೆಲೆಯೂರಿದರು. ಘಟ್ಟದ ಮೇಲೆ ಇಕ್ಕೇರಿಯ ನಾಯಕರು ಸ್ವತಂತ್ರ ಶಕ್ತಿಯಾಗಿ ಬೆಳೆದರು. ಈ ಮೂರು ಒತ್ತಡಗಳ ನಡುವೆ ಒಂದು ಸಣ್ಣ ರಾಜ್ಯ ಇಷ್ಟು ದೀರ್ಘಕಾಲ ಉಳಿದದ್ದೇ ಒಂದು ರಾಜಕೀಯ ಸಾಧನೆ. ಆದರೂ ಆ ರಾಣಿಯ ಹೆಸರಿನೊಡನೆ ಬಹುಕಾಲ ಅಂಟಿಕೊಂಡು ಬಂದದ್ದು ಆಕೆಯ ಆಡಳಿತವಲ್ಲ, ಆಕೆಯ ಶೀಲವನ್ನು ಕುರಿತ ಒಂದು ಮಾತು. ಆ ಮಾತು ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಐತಿಹಾಸಿಕ ಕಾದಂಬರಿಯ ಮೂಲಸಮಸ್ಯೆಯೇ ಎದುರಾಗುತ್ತದೆ.

ಹಡಗಿನ ಕಡೆಯಿಂದ

ಪೋರ್ಚುಗೀಸರು ಆಕೆಯನ್ನು 'ರೈನಾ ದ ಪಿಮೆಂಟಾ', ಅಂದರೆ ಮೆಣಸಿನ ರಾಣಿ ಎಂದು ಕರೆದರೆಂಬುದು ಪ್ರಸಿದ್ಧವಾಗಿದೆ. ಇಂದು ಇದನ್ನು ಬಿರುದೆಂಬಂತೆ ಅಭಿಮಾನದಿಂದ ಉಲ್ಲೇಖಿಸಲಾಗುತ್ತದೆ. ಹೆಸರಿನೊಳಗಿರುವ ನೋಟ ಮಾತ್ರ ವ್ಯಾಪಾರಿಯದು. ಸಮುದ್ರದ ಕಡೆಯಿಂದ ನೋಡುವವನಿಗೆ ಹೊನ್ನಾವರ, ಮಿರ್ಜಾನ, ಭಟ್ಕಳಗಳು ಸರಕು ಇಳಿದುಬರುವ ಬಾಗಿಲುಗಳು. ಆ ಬಾಗಿಲ ಹಿಂದಿನ ರಾಜ್ಯದಲ್ಲಿ ಯಾವ ಧರ್ಮವಿತ್ತು, ಯಾವ ಕಾವ್ಯ ಹುಟ್ಟಿತು, ಉತ್ತರಾಧಿಕಾರ ಹೇಗೆ ನಡೆಯುತ್ತಿತ್ತು ಎಂಬುದು ಅವನ ಲೆಕ್ಕದ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಮೆಣಸು ಸಕಾಲಕ್ಕೆ ಬಂದರೆ ರಾಣಿ ಮಿತ್ರಳು, ಬೇರೆಯವರಿಗೆ ಮಾರಿದರೆ ಶತ್ರು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೋನ್ಸೊ ದ ಸೌಜಾ ಭಟ್ಕಳವನ್ನು ಸುಟ್ಟ ಪ್ರಸಂಗ ಈ ಲೆಕ್ಕಾಚಾರದ ಕ್ರೌರ್ಯವನ್ನು ತೋರಿಸುತ್ತದೆ.

ಈ ನೋಟಕ್ಕೆ ಇನ್ನೊಂದು ಮಿತಿಯೂ ಇತ್ತು. ಗೋವೆಯಿಂದ ಲಿಸ್ಬನ್ನಿಗೆ ಹೋದ ಪತ್ರಕ್ಕೆ ಉತ್ತರ ಬರಲು ಒಂದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಕರಾವಳಿಯ ಸಮುದ್ರಯಾನವೇ ನಿಲ್ಲುತ್ತಿತ್ತು. ಆದ್ದರಿಂದ ಪೋರ್ಚುಗೀಸ್ ಅಧಿಕಾರಿಯ ತಿಳಿವಳಿಕೆ ಯಾವಾಗಲೂ ಕೆಲವು ತಿಂಗಳ ಹಿಂದಿನದು, ಆತನ ರಾಜನ ಆಜ್ಞೆ ಇನ್ನೂ ಹಳೆಯದು. ಪೋರ್ಚುಗೀಸ್ ಪಾತ್ರವೊಂದರ ಕಣ್ಣಿಂದ ಕಥೆ ಹೇಳಹೊರಟ ಕಾದಂಬರಿಕಾರ ಈ ವಿಳಂಬವನ್ನು ಮರೆತರೆ ಆ ಪಾತ್ರ ಆಧುನಿಕ ಗೂಢಚಾರನಾಗುತ್ತದೆಯೇ ಹೊರತು ಹದಿನಾರನೆಯ ಶತಮಾನದ ವ್ಯಕ್ತಿಯಾಗುವುದಿಲ್ಲ.

ಪಯಣಿಗನ ಕಣ್ಣು, ಪಯಣಿಗನ ಕಿವಿ

ರಾಣಿಯ ಶೀಲವನ್ನು ಕುರಿತ ಮಾತಿಗೆ ವಿಸ್ತಾರವಾದ ಲಿಖಿತ ರೂಪ ಕೊಟ್ಟವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಗೋವೆಯ ಪೋರ್ಚುಗೀಸ್ ಸರ್ಕಾರ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಕಳುಹಿಸಿದ ರಾಯಭಾರದ ಜೊತೆಯಲ್ಲಿ ಆತ ಹೊನ್ನಾವರದಿಂದ ಶರಾವತಿಯ ಮೂಲಕ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ತನ್ನ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರಗಳಲ್ಲಿ ಈ ದಾರಿಯ ವಿವರಗಳಿವೆ. ನದಿಯ ಚೆಲುವನ್ನು ಮೆಚ್ಚಿಕೊಳ್ಳುತ್ತಾನೆ. ಘಟ್ಟವನ್ನು ತನ್ನ ನಾಡಿನ ಅಪೆನೈನ್ ಪರ್ವತಗಳಿಗೆ ಹೋಲಿಸುತ್ತಾನೆ. ರಾಜಧಾನಿಯಾಗಿದ್ದ ಊರಿನ ಮೇಲೆ ಮರಗಳು ಬೆಳೆದುನಿಂತು ರೈತರ ನಾಲ್ಕಾರು ಗುಡಿಸಲುಗಳಷ್ಟೇ ಉಳಿದಿರುವುದನ್ನು ದಾಖಲಿಸುತ್ತಾನೆ. ಇವೆಲ್ಲ ಆತ ಕಂಡವು.

ಇವುಗಳ ನಡುವೆಯೇ ರಾಣಿಯ ಕಥೆ ಬರುತ್ತದೆ. ಇದು ಆತ ಕೇಳಿದ್ದು. ಕೊನೆಯ ರಾಣಿ ಕೀಳುಕುಲದ ಪರಸ್ಥಳದವನೊಬ್ಬನನ್ನು ಮೆಚ್ಚಿ ತನ್ನನ್ನೂ ರಾಜ್ಯವನ್ನೂ ಆತನಿಗೆ ಒಪ್ಪಿಸಿದಳು. ಆತ ಸಾಮಂತರನ್ನು ಒಲಿಸಿಕೊಂಡು ಆಕೆಗೇ ತಿರುಗಿಬಿದ್ದ. ರಾಣಿ ಪೋರ್ಚುಗೀಸರ ನೆರವು ಕೋರಿದಳು. ದ್ರೋಹಿ ವೆಂಕಟಪ್ಪ ನಾಯಕನನ್ನು ಕರೆದ. ನಾಯಕ ಬಂದು ರಾಜ್ಯವನ್ನೇ ವಶಪಡಿಸಿಕೊಂಡು, ರಾಣಿಯನ್ನು ಸೆರೆಯೊಯ್ದು ಗೌರವದಿಂದಲೇ ಇರಿಸಿಕೊಂಡ. ದ್ರೋಹಿಯನ್ನು ಕೊಲ್ಲಿಸಿ ಗೇರುಸೊಪ್ಪೆಯನ್ನು ಹಾಳುಗೆಡವಿದ. ಕಥೆಯ ಸಾರ ಇಷ್ಟು. ಇದರಲ್ಲಿ ರಾಣಿಯ ಹೆಸರಿಲ್ಲ, ದ್ರೋಹಿಯ ಹೆಸರೂ ಇಲ್ಲ.

ಈ ಕಥೆಯನ್ನು ಆತ ಕೇಳಿದ ಸನ್ನಿವೇಶವನ್ನು ಗಮನಿಸಬೇಕು. ರಾಜ್ಯ ಬಿದ್ದು ಹದಿನೇಳು ವರ್ಷಗಳಾಗಿದ್ದವು. ಆತನ ಒಂದು ಮಗ್ಗುಲಲ್ಲಿ ಸಕಾಲಕ್ಕೆ ನೆರವು ಕೊಡದ ಪೋರ್ಚುಗೀಸರು, ಇನ್ನೊಂದು ಮಗ್ಗುಲಲ್ಲಿ ಗೆದ್ದ ವೆಂಕಟಪ್ಪ ನಾಯಕನ ಕಡೆಯ ಜನ. ಸೋತ ಪಕ್ಷದವರು ಆ ಮೇಳದಲ್ಲಿ ಇದ್ದಂತೆ ಕಾಣುವುದಿಲ್ಲ. ರಾಜ್ಯದ ಪತನಕ್ಕೆ ರಾಣಿಯ ಮೋಹವೇ ಕಾರಣವೆಂದರೆ ಇಬ್ಬರಿಗೂ ಅನುಕೂಲ. ಗೆದ್ದವನ ಆಕ್ರಮಣ ನ್ಯಾಯದ ತೀರ್ಪಾಗುತ್ತದೆ, ನೆರವಾಗದವರ ನಿರ್ಲಕ್ಷ್ಯದ ಭಾರ ಹಗುರಾಗುತ್ತದೆ. ಕಥೆ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಯಾರ ನಾಲಗೆಯಿಂದ ಬಂದಿರಬಹುದು ಎಂಬುದಷ್ಟೇ ತಿಳಿಯುತ್ತದೆ.

ಅದೇ ಬರಹದಲ್ಲಿ ದೆಲ್ಲಾ ವಾಲ್ಲೆ ಇನ್ನೂ ಎರಡು ಮಾತು ಸೇರಿಸಿದ್ದಾನೆ. ಈ ಕರಾವಳಿಯಲ್ಲಿ ಹೆಂಗಸರು ರಾಜ್ಯವಾಳುವುದು ರೂಢಿ. ತಮಗೆ ಮೆಚ್ಚುಗೆಯಾದ ಪುರುಷರನ್ನು ಆರಿಸಿಕೊಳ್ಳಲು ಅಂತಹ ರಾಣಿಯರಿಗೆ ಇಲ್ಲಿನ ನಡವಳಿಕೆಯಲ್ಲಿ ಅವಕಾಶವಿತ್ತು. ಆದ್ದರಿಂದ ಆಕೆಯ ಮಾನಕ್ಕೆ ಇದರಿಂದ ಕುಂದಿಲ್ಲ, ಜನ ಆಕ್ಷೇಪಿಸಿದ್ದು ಆ ಪುರುಷನ ಕುಲವನ್ನು. ಇದು ಒಂದು. ಮಿತ್ರರಿಗೆ ತಡವಾಗಿ, ತಣ್ಣಗೆ ನೆರವಾಗುವುದು ಪೋರ್ಚುಗೀಸರ ಚಾಳಿ ಎಂಬ ಟೀಕೆ ಇನ್ನೊಂದು. ಕಥೆ ಮುಂದೆ ಮುಂದೆ ಸಾಗಿದಂತೆ ಈ ಎರಡು ಮಾತುಗಳು ಹಿಂದುಳಿದು, 'ಮೋಹದಿಂದ ರಾಜ್ಯ ಕಳೆದ ರಾಣಿ' ಎಂಬ ಒಂದು ಎಳೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಮೂಲ ಬರಹಗಾರನಿಗಿದ್ದ ಅನುಮಾನವೂ ವಿವೇಚನೆಯೂ ಅನುವಾದಿತ ನೆನಪಿಗೆ ಇರುವುದಿಲ್ಲ.

ಇದೇ ಪ್ರವಾಸಿ ಕೆಲವು ವಾರಗಳ ಬಳಿಕ ತುಳುನಾಡಿನಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಬರಿಗಾಲಲ್ಲಿ ನಡೆಯುತ್ತ, ಗದ್ದೆಗೆ ನೀರು ಹರಿಸುವ ಕಾಲುವೆಯ ಕೆಲಸವನ್ನು ತಾನೇ ನಿಂತು ಮಾಡಿಸುತ್ತಿದ್ದ ಆಕೆಯ ಚಿತ್ರ ಆತನ ಬರಹದಲ್ಲಿ ಜೀವಂತವಾಗಿದೆ. ಆಕೆಯ ಸರಳತೆಯಿಂದ ಆತನಿಗೆ ಆಶ್ಚರ್ಯವಾದರೂ ಆಕೆಯ ಮಾತಿನ ಘನತೆಯನ್ನು ಗುರುತಿಸುತ್ತಾನೆ. ಕಂಡ ರಾಣಿ ಆತನ ಪುಟದಲ್ಲಿ ನಡೆದಾಡುವ ವ್ಯಕ್ತಿ. ಕೇಳಿದ ರಾಣಿ ನೀತಿಕಥೆಯ ಪಾತ್ರ. ಒಬ್ಬನೇ ಲೇಖಕನ ಒಂದೇ ಪತ್ರಮಾಲೆಯಲ್ಲಿ ಇಷ್ಟು ಅಂತರವಿದ್ದರೆ, ಅಂತಹ ಬರಹಗಳನ್ನು ಆಕರವಾಗಿ ಬಳಸುವ ಕಾದಂಬರಿಕಾರ ಕಣ್ಣಿನ ಸಾಕ್ಷ್ಯವನ್ನೂ ಕಿವಿಯ ಸಾಕ್ಷ್ಯವನ್ನೂ ಬೇರೆಬೇರೆಯಾಗಿ ಇಡದೆ ಗತ್ಯಂತರವಿಲ್ಲ.

ಗೆದ್ದವರ ಕಾವ್ಯ, ಕಲ್ಲಿನ ಮಿತಭಾಷೆ

ಇಕ್ಕೇರಿಯ ಕಡೆಯ ನೋಟ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿ ಸಿಗುತ್ತದೆ. ಹದಿನೆಂಟನೆಯ ಶತಮಾನದ ಈ ಚಂಪೂಕಾವ್ಯ ವಂಶಚರಿತ್ರೆಯ ದೃಷ್ಟಿಯಿಂದ ಬಹಳ ಉಪಯುಕ್ತವಾದುದು. ಆದರೆ ಅದರ ಕೇಂದ್ರ ನೃಪರ ವಿಜಯ. ಹೆಸರೇ ಅದನ್ನು ಹೇಳುತ್ತದೆ. ಗೇರುಸೊಪ್ಪೆ ಆ ದೃಷ್ಟಿಗೆ ದಿಗ್ವಿಜಯದ ದಾರಿಯಲ್ಲಿ ಸಿಕ್ಕ ಒಂದು ನೆಲೆ. ಸೋತವರ ಮನೆಯೊಳಗೆ ಇಣುಕುವುದು ಅಂತಹ ಕಾವ್ಯದ ಕೆಲಸವಲ್ಲ.

ಇಲ್ಲಿ ಇತಿಹಾಸದ ಒಂದು ವಿಪರ್ಯಾಸವನ್ನು ನೆನೆಯಬೇಕು. ಗೇರುಸೊಪ್ಪೆ ಬಿದ್ದ 157 ವರ್ಷಗಳ ತರುವಾಯ, 1763ರಲ್ಲಿ, ಹೈದರ್ ಅಲಿ ಬಿದನೂರನ್ನು ಹಿಡಿದಾಗ ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯ ಮೇಲೂ ಇಂಥದೇ ಅಪವಾದ ಬಂತು. ಮಾಸ್ತಿಯವರ 'ಚನ್ನಬಸವನಾಯಕ' ಕಾದಂಬರಿ ಆ ಕಾಲದ ಬಿದನೂರನ್ನೇ ವಸ್ತುವಾಗಿ ಆರಿಸಿಕೊಂಡಿದೆ. ಗೆದ್ದವರ ನಾಡೇ ಸೋತಾಗ ಅಲ್ಲಿಯೂ ಪತನದ ಕಾರಣವನ್ನು ರಾಣಿಯ ಅಂತಃಪುರದಲ್ಲಿ ಹುಡುಕಲಾಯಿತು. ಎರಡು ರಾಜ್ಯಗಳು, ಎರಡು ಶತಮಾನಗಳು, ಎರಡು ಧರ್ಮಗಳು. ಕಥೆಯ ಅಚ್ಚು ಮಾತ್ರ ಒಂದೇ. ಇದು ವ್ಯಕ್ತಿಯ ಸ್ವಭಾವಕ್ಕಿಂತ ಕಥನದ ಅಭ್ಯಾಸವನ್ನೇ ಹೆಚ್ಚಾಗಿ ಬಯಲಿಗೆಳೆಯುತ್ತದೆ.

ಸೋತವರ ಕಡೆಯ ಸಾಕ್ಷ್ಯವೆಂದರೆ ಮುಖ್ಯವಾಗಿ ಶಾಸನಗಳು. ನಗಿರೆ, ಹೈವೆ, ತುಳು, ಕೊಂಕಣ ರಾಜ್ಯಗಳ ಒಡೆತನವನ್ನು ಹೇಳುವ ಬಿರುದುಗಳು, ಬಸದಿಗೆ ಬಿಟ್ಟ ಭೂಮಿ, ಪೂಜೆ ಮತ್ತು ಆಹಾರದಾನದ ಏರ್ಪಾಡು, ದಾನ ಕೆಡಿಸಿದವರಿಗೆ ಶಾಪ ಇವು ಅಲ್ಲಿನ ವಿಷಯ. ಕಲ್ಲು ಮಾತನಾಡುವುದು ದಾನದ ಗಳಿಗೆಯಲ್ಲಿ. ಸೋಲಿನ ಗಳಿಗೆಯಲ್ಲಿ ಅದು ಮೌನ. ಸಾಹಿತ್ಯದ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಸಾಳ್ವಮಲ್ಲನ ಆಶ್ರಯದ ಸಾಳ್ವ ಕವಿ 'ಸಾಳ್ವಭಾರತ'ವನ್ನೂ 'ರಸರತ್ನಾಕರ'ವನ್ನೂ ರಚಿಸಿದ ನಾಡಿದು. ಗೇರುಸೊಪ್ಪೆ ಬೀಳುವುದಕ್ಕೆ ಎರಡೇ ವರ್ಷ ಮುಂಚೆ, 1604ರಲ್ಲಿ, ಹಾಡುವಳ್ಳಿ ಮತ್ತು ಸೋದೆಗಳ ಜೈನ ಪರಂಪರೆಗೆ ಸೇರಿದ ಭಟ್ಟಾಕಲಂಕ 592 ಸೂತ್ರಗಳ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದ. ಸುತ್ತಲ ರಾಜ್ಯಗಳು ಅಲುಗಾಡುತ್ತಿದ್ದಾಗ ಒಬ್ಬ ವಿದ್ವಾಂಸ ಕನ್ನಡದ ಶಬ್ದಗಳಿಗೆ ನಿಯಮ ಬರೆಯುತ್ತಿದ್ದ. ವ್ಯಾಕರಣದ ಗ್ರಂಥದಲ್ಲಿ ಯುದ್ಧದ ಸುದ್ದಿಯನ್ನು ನಿರೀಕ್ಷಿಸಲಾಗದು. ಕಾದಂಬರಿಕಾರನಿಗಾದರೋ ಆ ಮೌನವೇ ಒಂದು ನೋಟದ ನೆಲೆ. ಸೋದೆಯ ಮಠದಲ್ಲಿ ತಾಳೆಗರಿಯ ಮುಂದೆ ಕುಳಿತವನಿಗೆ ರಾಜಧಾನಿಯ ಸುದ್ದಿ ಹೇಗೆ ಬಂದಿರಬಹುದು, ಅದರಲ್ಲಿ ಎಷ್ಟನ್ನು ಆತ ನಂಬಿರಬಹುದು?

ಘಟ್ಟದ ಮೇಲಿನವರು

ಈವರೆಗಿನ ನೋಟಗಳೆಲ್ಲ ಬಂದರು, ಅರಮನೆ ಅಥವಾ ಮಠದವು. ಮೆಣಸಿನ ರಾಣಿಯ ಕಥೆಯಲ್ಲಿ ಮೆಣಸು ಬೆಳೆದವರ ನೋಟ ಇನ್ನೂ ಬಂದಿಲ್ಲ. ಮೆಣಸು ಬಂದರಿನಲ್ಲಿ ಹುಟ್ಟುವುದಿಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಕಣಿವೆಗಳ ಅಡಿಕೆ ತೋಟದಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು, ಒಣಗಿಸಿ, ಹೇರಿನಲ್ಲಿ ಘಟ್ಟ ಇಳಿಸಬೇಕು. ಸಿರ್ಸಿಯ ಬಳಿ ಹುಟ್ಟುವ ಅಘನಾಶಿನಿ ಮಿರ್ಜಾನ ಕೋಟೆಯ ಪಕ್ಕದಲ್ಲಿ ಹಾಯ್ದು ಕಡಲು ಸೇರುತ್ತದೆ. ಯಲ್ಲಾಪುರದ ಸೀಮೆಯ ಬೇಡ್ತಿ ಘಟ್ಟ ಧುಮುಕಿ ಗಂಗಾವಳಿಯಾಗುತ್ತದೆ. ಹಳ್ಳಹೊಳೆಗಳ ಈ ಜಾಲ ತೋಟವನ್ನು ಬಂದರಿಗೆ ಕಟ್ಟಿತ್ತು. ಆದರೆ ರಾಜಕೀಯವಾಗಿ ಘಟ್ಟದ ಮೇಲಿನ ನೆಲ ಹಲವು ಒಡೆತನಗಳಿಗೆ ಹಂಚಿಹೋಗಿತ್ತು. ಸಿರ್ಸಿಯ ಕಡೆ ಸೋದೆಯ ನಾಯಕರು, ಸಿದ್ದಾಪುರದ ಕಡೆ ಬಿಳಗಿಯ ಅರಸರು, ದಕ್ಷಿಣಕ್ಕೆ ಇಕ್ಕೇರಿ, ಕೆಳಗೆ ಗೇರುಸೊಪ್ಪೆ. ಬಿಳಗಿಯ ರತ್ನತ್ರಯ ಬಸದಿ ಆ ಸಣ್ಣ ಅರಸೊತ್ತಿಗೆಯ ನೆನಪಾಗಿ ಇಂದಿಗೂ ನಿಂತಿದೆ.

ಇಂತಹ ಸೀಮೆಯ ತೋಟಿಗನೊಬ್ಬನ ಕಣ್ಣಿಂದ 1606ನ್ನು ನೋಡಿದರೆ ಕಥೆಯ ತೂಕವೇ ಬೇರೆಯಾಗುತ್ತದೆ. ಅವನಿಗೆ ಗೋವೆಯ ವೈಸರಾಯ್ ಗೊತ್ತಿಲ್ಲ. ರಾಣಿಯ ಅಂತಃಪುರವೂ ಗೊತ್ತಿಲ್ಲ. ಘಟ್ಟದ ದಾರಿಯಲ್ಲಿ ಸುಂಕದ ಕಟ್ಟೆ ಯಾರ ಕೈ ಸೇರಿತು, ಹೇರಿನ ಎತ್ತುಗಳನ್ನು ಸೈನ್ಯ ಹಿಡಿದೊಯ್ದಿತೇ, ಈ ವರ್ಷದ ಮೆಣಸಿಗೆ ಕೊಳ್ಳುವವರು ಯಾರು ಎಂಬುವು ಅವನ ಚಿಂತೆಗಳು. ಅರಮನೆಯ ದೃಷ್ಟಿಯಲ್ಲಿ ಪತನವೆನಿಸುವುದು ಅವನಿಗೆ ಸುಂಕದವನ ಬದಲಾವಣೆಯಷ್ಟೇ ಆಗಿರಬಹುದು. ಅಥವಾ ತಲೆಮಾರುಗಳ ಕೊಡುಕೊಳೆಯ ದಾರಿ ಮುಚ್ಚಿಹೋದ ಆಪತ್ತೂ ಆಗಿರಬಹುದು.

ಈ ಜನರ ಬದುಕಿಗೆ ದೀರ್ಘವಾದ ಲಿಖಿತ ಸಾಕ್ಷ್ಯ ದೊರೆಯುವುದು ಎರಡು ಶತಮಾನಗಳ ಅನಂತರ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋದೆ, ಸಿರ್ಸಿ, ಬನವಾಸಿಗಳ ಮೂಲಕ ಹಾದುಹೋದ. ಅಡಿಕೆ, ಮೆಣಸು, ಏಲಕ್ಕಿಗಳ ತೋಟವನ್ನು ಹೇಗೆ ಎಬ್ಬಿಸುತ್ತಾರೆ, ಕಂದಾಯವೆಷ್ಟು ಎಂದು ವಿಚಾರಿಸಿ ಬರೆದ. ಆತನ ತಾಳ್ಮೆ ದೊಡ್ಡದು. ಆದರೆ ಆತನನ್ನು ಕಳುಹಿಸಿದ್ದು ಹೊಸದಾಗಿ ನಾಡನ್ನು ಹಿಡಿದ ಕಂಪನಿ ಸರ್ಕಾರ. ತೋಟಿಗರ ಮಾತು ಮೊದಲ ಬಾರಿಗೆ ವಿಸ್ತಾರವಾಗಿ ಕಾಗದಕ್ಕೆ ಬಂದಾಗಲೂ ಅದು ಕಂದಾಯದ ಕಿವಿಯ ಮೂಲಕವೇ ಬಂತು. ಯಲ್ಲಾಪುರದ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಯರ ನೋಟಕ್ಕಾದರೋ ಅಷ್ಟು ಸಾಕ್ಷ್ಯವೂ ಇಲ್ಲ. ಮೆಣಸನ್ನು ಒಯ್ದ ಪೋರ್ಚುಗೀಸ್ ವ್ಯಾಪಾರವೇ ಆಫ್ರಿಕದಿಂದ ಜನರನ್ನು ದಾಸರನ್ನಾಗಿ ಗೋವೆಗೆ ತಂದಿತು. ಅಲ್ಲಿಂದ ತಪ್ಪಿಸಿಕೊಂಡವರು ಬೇರೆಬೇರೆ ಕಾಲಗಳಲ್ಲಿ ಈ ಕಾಡು ಸೇರಿದರು. ಮೆಣಸಿನ ಕಥೆಯ ಮತ್ತೊಂದು ಕೊನೆ ಅವರ ಬಳಿ ಇದೆ.

ಕನ್ನಡ ಕಥನದ ಪೂರ್ವಪರಂಪರೆ

ನೋಟದ ನೆಲೆಯನ್ನು ಬದಲಿಸುವುದು ಆಧುನಿಕ ಕಾದಂಬರಿಯ ಹೊಸ ತಂತ್ರವೆಂದು ಭಾವಿಸಬೇಕಾಗಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ಕವಿಯ ಆಶ್ರಯದಾತ ಸತ್ಯಾಶ್ರಯ ಭೀಮನೊಡನೆ ಅಭೇದನಾಗಿದ್ದಾನೆ. ಹೊಗಳಿಕೆ ಭೀಮನಿಗೆ ಸಲ್ಲುತ್ತದೆ. ಆದರೂ ಓದುಗನನ್ನು ಕುರುಕ್ಷೇತ್ರದ ಹೆಣಗಳ ನಡುವೆ ನಡೆಸಿಕೊಂಡು ಹೋಗುವವನು ದುರ್ಯೋಧನ. ಗೆದ್ದವನ ಹೆಸರಿನಲ್ಲಿ ಬರೆದ ಕಾವ್ಯದಲ್ಲಿ ಸೋತವನ ಕಣ್ಣಿಂದ ರಣರಂಗ ಕಾಣಿಸುತ್ತದೆ. ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದ ರಾವಣ ತನ್ನ ತಪ್ಪನ್ನು ಅರಿತು ಮನಸ್ಸು ತಿರುಗಿದವನು. ಅವನ ಒಳಮನಸ್ಸಿನ ಕಡೆಗೆ ಓದುಗನನ್ನು ಕವಿ ಕರೆದೊಯ್ಯುತ್ತಾನೆ. ಇಬ್ಬರೂ ಘಟನೆಯ ಫಲಿತಾಂಶವನ್ನು ಬದಲಿಸಲಿಲ್ಲ. ನೋಡುವ ಸ್ಥಾನವನ್ನು ಬದಲಿಸಿದರು.

ಇಪ್ಪತ್ತನೆಯ ಶತಮಾನದ ಕಾದಂಬರಿಯಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಕೊಡಗಿನ ರಾಜ್ಯ 1834ರಲ್ಲಿ ಕಂಪನಿಗೆ ಸೇರಿದ ಪ್ರಕರಣವನ್ನು ಮಾಸ್ತಿಯವರ 'ಚಿಕವೀರರಾಜೇಂದ್ರ' ಅರಮನೆ ಮತ್ತು ಮಂತ್ರಿಗಳ ವಲಯದಿಂದ ನೋಡುತ್ತದೆ; ರಾಜನ ದೋಷ ಅಲ್ಲಿ ದುರಂತದ ಕೇಂದ್ರ. ಅದೇ ನಾಡಿನ ಅದೇ ಕಾಲವನ್ನು ನಿರಂಜನರ 'ಸ್ವಾಮಿ ಅಪರಂಪಾರ' ಬಂಡೆದ್ದ ಜನರ ಕಡೆಯಿಂದ ನೋಡುತ್ತದೆ. ಎರಡನ್ನೂ ಓದಿದವನಿಗೆ ಒಂದು ಸತ್ಯ, ಒಂದು ಸುಳ್ಳು ಎನಿಸುವುದಿಲ್ಲ. ಒಂದರಲ್ಲಿ ಹಿನ್ನೆಲೆಯಾಗಿದ್ದವರು ಇನ್ನೊಂದರಲ್ಲಿ ಮುನ್ನೆಲೆಗೆ ಬಂದಿರುವುದು ಕಾಣುತ್ತದೆ. ಎರಡು ಕೃತಿಗಳ ನಡುವೆ ಓದುಗ ಮಾಡಿಕೊಳ್ಳುವ ಈ ಪಲ್ಲಟವನ್ನು ಒಂದೇ ಕೃತಿಯೊಳಗೆ ಆಗುಮಾಡುವುದು ಬಹುನೋಟದ ಐತಿಹಾಸಿಕ ಕಾದಂಬರಿಯ ಉದ್ದೇಶ.

ಪಲ್ಲಟದ ನಿಯಮಗಳು

ಹಾಗೆಂದು ಅಧ್ಯಾಯಕ್ಕೊಬ್ಬ ನಿರೂಪಕನನ್ನು ತಂದ ಮಾತ್ರಕ್ಕೆ ಕಾದಂಬರಿ ಬಹುನೋಟದ್ದಾಗುವುದಿಲ್ಲ. ಗೇರುಸೊಪ್ಪೆಯ ನಿದರ್ಶನದಿಂದ ಕೆಲವು ಷರತ್ತುಗಳನ್ನು ಗುರುತಿಸಬಹುದು.

ಮೊದಲನೆಯದು ತಿಳಿವಿನ ಮಿತಿ. ಪ್ರತಿ ಪಾತ್ರವೂ ತಾನು ನಿಂತ ಜಾಗದಿಂದ ತಿಳಿಯಬಹುದಾದಷ್ಟನ್ನೇ ತಿಳಿದಿರಬೇಕು. ಹೊನ್ನಾವರದ ಪೋರ್ಚುಗೀಸ್ ಅಧಿಕಾರಿಗೆ ಇಕ್ಕೇರಿಯ ಆಲೋಚನೆ ತಿಳಿಯದು; ಇಕ್ಕೇರಿಯ ದಳವಾಯಿಗೆ ಲಿಸ್ಬನ್ನಿನ ಬೊಕ್ಕಸದ ಸ್ಥಿತಿ ತಿಳಿಯದು; ಸಿದ್ದಾಪುರದ ತೋಟಿಗನಿಗೆ ಎರಡೂ ತಿಳಿಯವು. ಇವರೆಲ್ಲರ ಅಜ್ಞಾನಗಳ ನಡುವೆ ಹಾದುಹೋಗುವ ಓದುಗನಿಗೆ ಮಾತ್ರ ಇಡೀ ಆಪತ್ತು ಗೋಚರಿಸುತ್ತದೆ. ದುರಂತದ ಅನುಭವ ಹುಟ್ಟುವುದು ಅಲ್ಲಿ.

ಎರಡನೆಯದು ಭಾಷೆ ಮತ್ತು ಅಳತೆ. ಒಬ್ಬ ಶಕವರ್ಷ, ಸಂವತ್ಸರ, ತಿಥಿಗಳಲ್ಲಿ ಕಾಲವನ್ನೆಣಿಸುತ್ತಾನೆ, ಇನ್ನೊಬ್ಬ ಸಂತರ ಹಬ್ಬಗಳಲ್ಲಿ, ಮತ್ತೊಬ್ಬ ಕೊಯ್ಲಿನಲ್ಲಿ. ಒಬ್ಬನ ಮೆಣಸು ಕ್ವಿಂಟಾಲಿನಲ್ಲಿದೆ, ಇನ್ನೊಬ್ಬನದು ಖಂಡಿಯಲ್ಲಿ. ಎಲ್ಲ ಪಾತ್ರಗಳೂ ಒಂದೇ ಹಳಗನ್ನಡದ ಛಾಯೆಯ ಗ್ರಾಂಥಿಕ ಮಾತಾಡಿದರೆ ನೋಟ ಬದಲಾದಂತೆ ಕಂಡರೂ ನಿಜವಾಗಿ ಮಾತಾಡುತ್ತಿರುವವನು ಲೇಖಕನೊಬ್ಬನೇ ಆಗಿರುತ್ತಾನೆ.

ಮೂರನೆಯದು ಅತಿ ಸೂಕ್ಷ್ಮವಾದುದು. ಅಪವಾದಕ್ಕೆ ಉತ್ತರವಾಗಿ ಸ್ತುತಿಯನ್ನು ಇಡುವ ಆಸೆಯನ್ನು ಲೇಖಕ ಗೆಲ್ಲಬೇಕು. ಗಜಾನನ ಶರ್ಮರ 'ಚೆನ್ನಭೈರಾದೇವಿ' (2021) ಕಾದಂಬರಿ ಈ ರಾಣಿಯನ್ನು ಕನ್ನಡ ಓದುಗರ ನಡುವೆ ಮತ್ತೆ ತಂದು ನಿಲ್ಲಿಸಿತು. ಅದರ ಉಪಶೀರ್ಷಿಕೆಯಲ್ಲಿರುವ 'ಅಕಳಂಕ ಚರಿತೆ' ಎಂಬ ಮಾತೇ ನಾಲ್ಕು ಶತಮಾನಗಳ ಕಳಂಕಕ್ಕೆ ಕೊಟ್ಟ ಉತ್ತರ. ಆ ಉತ್ತರ ಬೇಕಾಗಿತ್ತು. ಆಕೆಯನ್ನು ಕೇವಲ ಗಾಳಿಮಾತಿನಿಂದ ತಿಳಿದಿದ್ದ ನಾಡಿಗೆ ಆಕೆಯ ಆಡಳಿತ, ನೌಕಾಬಲ, ಧರ್ಮಬುದ್ಧಿಗಳನ್ನು ನೆನಪಿಸುವ ಕೆಲಸ ಬಾಕಿ ಇತ್ತು. ಇನ್ನು ಮುಂದೆ ಈ ವಸ್ತುವನ್ನು ಕೈಗೆತ್ತಿಕೊಳ್ಳುವವರ ಮುಂದಿರುವ ಸವಾಲು ಬೇರೆ. ಆಕೆ ಕಳಂಕಿನಿಯೇ ಅಕಳಂಕಳೇ ಎಂಬ ಪ್ರಶ್ನೆಯ ಚೌಕಟ್ಟೇ ಗೆದ್ದವರು ಕಟ್ಟಿಕೊಟ್ಟದ್ದು. ಅದೇ ಕಾಲದ ಅರಸನೊಬ್ಬನ ಪತನವನ್ನು ವಿವರಿಸುವಾಗ ಆತನ ಅಂತಃಪುರವನ್ನು ಯಾರೂ ಇಷ್ಟು ವಿಚಾರಿಸುವುದಿಲ್ಲ. 1565ರ ತರುವಾಯ ಆಸರೆಯಾಗಿದ್ದ ಸಾರ್ವಭೌಮ ಶಕ್ತಿಯೇ ಇಲ್ಲವಾದದ್ದು, ಕಡಲ ಬಾಗಿಲನ್ನು ಹೊರಗಿನವರು ಹಿಡಿದದ್ದು, ಘಟ್ಟದ ಮೇಲಿನ ನೆರೆರಾಜ್ಯಕ್ಕೆ ಬಂದರು ಬೇಕಾದದ್ದು ಇವು ಯಾರ ಶೀಲವನ್ನೂ ಅವಲಂಬಿಸದ ಕಾರಣಗಳು. ಬಹುನೋಟದ ಕಥನ ಈ ಕಾರಣಗಳನ್ನು ಕಾಣಿಸಿದರೆ ಅಪವಾದ ತಾನಾಗಿಯೇ ತನ್ನ ಅಳತೆಗೆ ಇಳಿಯುತ್ತದೆ.

ಎಲ್ಲ ನೋಟಗಳೂ ಸಮಾನವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪ್ರತಿಯೊಬ್ಬರಿಗೂ ಅವರವರ ನೋಟವಿದೆಯೆಂದು ಬಿಟ್ಟರೆ, ಊರು ಸುಟ್ಟವನ ಮಾತಿಗೂ ಸುಟ್ಟ ಊರಿನವರ ಮಾತಿಗೂ ವ್ಯತ್ಯಾಸ ಉಳಿಯುವುದೇ? ಗೇರುಸೊಪ್ಪೆಯ ಅರಸರು ಅನುಸರಿಸಿದ ಜೈನದರ್ಶನದಲ್ಲಿಯೇ ಇದಕ್ಕೆ ಸಮಾಧಾನವಿದೆ. ವಸ್ತುವನ್ನು ತಿಳಿಯಲು ಪ್ರಮಾಣ ಮತ್ತು ನಯಗಳೆಂಬ ಸಾಧನಗಳನ್ನು 'ತತ್ತ್ವಾರ್ಥಸೂತ್ರ' ಹೇಳುತ್ತದೆ. ವಸ್ತುವಿನ ಒಂದು ಮುಖವನ್ನು ಒಂದು ಅಪೇಕ್ಷೆಯಿಂದ ಹೇಳುವುದು ನಯ. ಆ ಮುಖವೇ ಪೂರ್ಣ ವಸ್ತುವೆಂದು ಸಾಧಿಸುತ್ತ ಉಳಿದ ಮುಖಗಳನ್ನು ನಿರಾಕರಿಸಿದಾಗ ಅದು ದುರ್ನಯವೆನಿಸುತ್ತದೆ. ಅನೇಕಾಂತವೆಂದರೆ ಎಲ್ಲ ಹೇಳಿಕೆಗಳೂ ಸರಿಯೆಂಬ ಉದಾಸೀನವಲ್ಲ. ಪ್ರತಿ ಹೇಳಿಕೆಯೂ ತನ್ನ ಅಪೇಕ್ಷೆಯನ್ನು ಒಪ್ಪಿಕೊಳ್ಳಬೇಕೆಂಬ ಕಟ್ಟುನಿಟ್ಟು. ಮೆಣಸಿನ ವ್ಯಾಪಾರಿ ಕಂಡ ರಾಣಿ ಒಂದು ನಯ. ವ್ಯಾಪಾರಿ ಕಂಡದ್ದಷ್ಟೇ ರಾಣಿ ಎಂದಾಗ ದುರ್ನಯ. ದೆಲ್ಲಾ ವಾಲ್ಲೆಯ ಬರಹ ಒಂದು ನಯ. ಅವನ ಅನುಮಾನಗಳನ್ನು ಕಿತ್ತು ಉಳಿಸಿಕೊಂಡ ಗಾಳಿಮಾತು ದುರ್ನಯ. ಅಕಳಂಕತೆಯ ಸ್ತುತಿಯೂ ತನ್ನ ಅಪೇಕ್ಷೆಯನ್ನು ಮರೆತರೆ ಅದೇ ದಾರಿ ಹಿಡಿಯಬಲ್ಲದು.

ಇಷ್ಟೆಲ್ಲ ನೋಟಗಳ ನಡುವೆ ರಾಣಿಯ ಸ್ವಂತ ನೋಟಕ್ಕೆ ಆಕರವಿಲ್ಲವೆಂಬುದು ಉಳಿಯುತ್ತದೆ. ಆಕೆಯ ಹೆಸರಿನ ದಾನಗಳಿವೆ, ಆಕೆಯನ್ನು ಕುರಿತ ಮಾತುಗಳಿವೆ. ಆಕೆಯೇ ಆಡಿದ, ಬರೆದ ಮಾತೆಂದು ಮುಂದಿಡಬಹುದಾದುದು ಇಲ್ಲ. ಸೆರೆಯಲ್ಲಿ ಕಳೆದ ಕೊನೆಯ ದಿನಗಳಲ್ಲಿ ಆಕೆ ಏನನ್ನು ನೆನೆದಳೆಂದು ಬರೆಯುವವನು ಇತಿಹಾಸವನ್ನಲ್ಲ, ತನ್ನ ಹೊಣೆಯನ್ನು ಬರೆಯುತ್ತಾನೆ. ಆ ಸ್ವಾತಂತ್ರ್ಯ ಕಾದಂಬರಿಗೆ ಉಂಟು, ಇರಲೂ ಬೇಕು. ಆದರೆ ಉಳಿದ ನೋಟಗಳನ್ನು ಅವವುಗಳ ಮಿತಿಯಲ್ಲಿ ಪ್ರಾಮಾಣಿಕವಾಗಿ ಕಟ್ಟಿದ ಬಳಿಕವೇ ಈ ಕಲ್ಪಿತ ನೋಟಕ್ಕೆ ಓದುಗನ ವಿಶ್ವಾಸ ದೊರೆಯುತ್ತದೆ. ಬಂದರಿನ ಅಧಿಕಾರಿ, ಇಕ್ಕೇರಿಯ ರಾಯಸದವನು, ಬಸದಿಯ ಇಂದ್ರ, ಸೋದೆಯ ವಿದ್ವಾಂಸ, ಘಟ್ಟದ ಮೇಲಿನ ತೋಟಿಗ ಇವರೆಲ್ಲ ಮಾತಾಡಿದ ಮೇಲೆ ರಾಣಿ ಕೆಲವೇ ಪುಟ ಮಾತಾಡಿದರೂ ಸಾಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಓದಿನ ಕ್ರಮ ದೊರೆಯುತ್ತದೆ. ಐತಿಹಾಸಿಕ ಕಾದಂಬರಿಯನ್ನು ಓದುವಾಗ ಪ್ರತಿ ಅಧ್ಯಾಯದ ಅಂಚಿನಲ್ಲಿ ಮೂರು ಪ್ರಶ್ನೆಗಳನ್ನು ಗುರುತಿಸಿಕೊಳ್ಳಬಹುದು: ಇದನ್ನು ಕಂಡವರಾರು, ಕೇಳಿದವರಾರು, ಇದರಿಂದ ಯಾರಿಗೆ ಅನುಕೂಲ? ಕಾದಂಬರಿಯಿಂದ ಆಕರಗಳ ಕಡೆಗೆ ಮರಳಿದಾಗ ಅಲ್ಲಿಯೂ ಇದೇ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ಪ್ರವಾಸಕಥನ, ಚಂಪೂ, ಶಾಸನ, ಕಂದಾಯದ ವರದಿಗಳಲ್ಲಿ ಯಾವುದೂ ನೆಲೆಯಿಲ್ಲದ ನೋಟವಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಹಳೆಯ ಮನೆಗಳಲ್ಲಿಯೂ ಮಠಗಳಲ್ಲಿಯೂ ಇರುವ ಕಡತ, ತಾಳೆಗರಿ, ತೋಟದ ಲೆಕ್ಕಗಳನ್ನು ಈ ಪ್ರಶ್ನೆಗಳೊಡನೆ ಓದುವ ಕೆಲಸ ಇನ್ನೂ ಬಹಳ ಉಳಿದಿದೆ. ಮೆಣಸು ಬೆಳೆದವರ ಕಡೆಯಿಂದ ಮೆಣಸಿನ ರಾಣಿಯ ಕಾಲವನ್ನು ನೋಡಬೇಕಾದರೆ ಆರಂಭಿಸಬೇಕಾದ ಜಾಗ ಅದು.